ನೆಲ ಬಿಟ್ಟ ಗಳಿಗೆ

ತಮ್ಮಾ,

ಅಕ್ಷರ ನನ್ನದಲ್ಲ ಎಂದು ಗಾಬರಿಯಾಗಬೇಡ. ನನ್ನ ಎರಡೂ ಕೈಗೆ ಕಟ್ಟು ಹಾಕಿದ್ದಾರೆ. ನಾನು ಹೇಳುತ್ತಿದ್ದೇನೆ, ಗಣಿಯ ನರ್ಸ್ ಬರೆಯುತ್ತಿದ್ದಾಳೆ. ಜೀವಕ್ಕೇನೂ ಅಪಾಯವಿಲ್ಲ.

ಗಣಿಯ ಅಡುಗೆಮನೆಯ ಕೆಲಸಕ್ಕೆ ರಜೆ ಹಾಕಿ ನಿನ್ನೆ ಇಲ್ಲಿನ ಚಿಕ್ಕ ವಿಮಾನ ಹತ್ತಿದೆ. ನಾನು ಮತ್ತು ಪೈಲಟ್, ಇಬ್ಬರೇ. ಮಣ್ಣಿನ ರನ್‌ವೇಯಿಂದ ಚಕ್ರ ಮೇಲೆದ್ದಿತು ಅನ್ನುವಷ್ಟರಲ್ಲಿ ವಿಮಾನ ಒಂದು ಪಕ್ಕಕ್ಕೆ ವಾಲಿತು. ಆಮೇಲಿನದು ನೆನಪಿಲ್ಲ. ನನಗೆ ಪ್ರಜ್ಞೆ ಬಂದಾಗ ಹುಲ್ಲಿನ ಮೇಲೆ ಕೂತಿದ್ದೆ. ಪೈಲಟ್‌ನ ತಲೆ ನನ್ನ ಮಡಿಲಲ್ಲಿತ್ತು. ಆಚೆ ವಿಮಾನ ಉರಿಯುತ್ತಿತ್ತು.

ಅವನನ್ನು ಬೆಂಕಿಯಿಂದ ಹೊರಗೆಳೆದದ್ದು ನಾನೇ ಅಂತೆ. ಓಡಿ ಬಂದವರೆಲ್ಲ ಕಂಡರಂತೆ. ಹೊಗಳುತ್ತಾರೆ, ಬೇರೆ ಯಾರನ್ನೋ ಹೊಗಳಿದ ಹಾಗಿದೆ. ಹಿಟ್ಟಿನ ಚೀಲ ಎತ್ತಿದರೇ ಏದುಸಿರು ಬಿಡುವವಳು ನಾನು.

ಇವತ್ತು ಪಕ್ಕದ ಮಂಚದಿಂದ ಪೈಲಟ್ ಕೇಳಿದ, "ಅಕ್ಕಾ, ಪುಟ್ಟ ಅಂದ್ರೆ ಯಾರು?"

"ನನ್ನ ತಮ್ಮ. ಯಾಕಪ್ಪಾ?"

"ನನ್ನ ಎಳೀತಾ ಒಂದೇ ಸಮ ಬೈತಿದ್ರಿ. ಏಳೋ ಪುಟ್ಟ, ಹಟ ಸಾಕು, ಮನೆಗೆ ಹೋಗೋಣ ಅಂತ."

ಅಮ್ಮ ಹೋದ ಮೇಲೆ ನಾವಿಬ್ಬರೂ ಮಾತು ಬಿಟ್ಟವರು. ಈ ರಜೆಗೂ ನಾನು ಹೊರಟಿದ್ದು ಗೆಳತಿಯ ಮನೆಗೆ. ಆ ಹೊತ್ತಿನಲ್ಲಿ ನೀನೇಕೆ ಬಾಯಿಗೆ ಬಂದೆಯೋ, ನಿಜವಾಗಿ ಗೊತ್ತಿಲ್ಲ.

ಪೈಲಟ್‌ನನ್ನು ದೊಡ್ಡ ಆಸ್ಪತ್ರೆಗೆ ಒಯ್ಯುವ ವಿಮಾನದಲ್ಲೇ ಈ ಪತ್ರ ಬರುತ್ತದೆ. ನನ್ನನ್ನೂ ಹತ್ತು ಅಂದರು, ಕಾಲೇಳಲಿಲ್ಲ. ಮುಂದಿನ ವಿಮಾನ ಹತ್ತಬೇಕೋ ಬೇಡವೋ ಅದೂ ತಿಳಿಯುತ್ತಿಲ್ಲ. ನೀನು ಅಲ್ಲಿನ ವಿಮಾನ ನಿಲ್ದಾಣಕ್ಕೆ ಬರುವುದಾದರೆ ಎರಡು ಸಾಲು ಬರೆ. ಚೀಲ ಹಿಡಿಯಲು ಒಂದು ಕೈ ಬೇಕಾಗಿದೆ.

ಇಂತಿ,
ನಿನ್ನ ಅಕ್ಕ