ಭರೋಸೆಯ ಕೆಲಸ

ಸಿಂಧನೂರು
೧೨ ಫೆಬ್ರವರಿ ೧೯೬೮

ಪೂಜ್ಯ ಶಿವಬಸಮ್ಮ ಅಕ್ಕೋರಿಗೆ, ನಿಮ್ಮ ಶಾಲೆಯಲ್ಲಿ ಅಕ್ಷರ ಕಲಿತ ಯಮನಿಯ ನಮಸ್ಕಾರ.

ನೀವು ಗುರುಗುಂಟಾದಿಂದ ಎರಡು ಕಾಗದ ಬರೆದರೂ ನಾನು ಒಂದಕ್ಕೂ ಉತ್ತರಿಸಲಿಲ್ಲ. ಸುಳ್ಳು ಬರೆಯಲು ಬರಲಿಲ್ಲ, ನಿಜ ಬರೆಯಲು ಕೈ ಏಳಲಿಲ್ಲ. ತಪ್ಪು ತಿಳಿಯಬೇಡಿ. ಅಕ್ಕೋರೇ, ನಾನು ಲಿಂಗಸುಗೂರಿನ ಟೀಚರ್ ಟ್ರೈನಿಂಗ್ ಬಿಟ್ಟಿದ್ದೇನೆ. ಈಗ ಇಲ್ಲಿ ಚಿಕ್ಕಮ್ಮ ಕನಕಮ್ಮನ ಮನೆಯಲ್ಲಿದ್ದು ಅವಳ ಜೊತೆ ಭತ್ತದ ನಾಟಿಗೆ ಹೋಗುತ್ತೇನೆ. ನನ್ನನ್ನು ಲಿಂಗಸುಗೂರಿಗೆ ಓದಲು ಕಳಿಸಬೇಕೆಂದು ನಮ್ಮಪ್ಪನ ಹತ್ತಿರ ಜಗಳ ಕಾದವರು ನೀವು. ಅದಕ್ಕೇ ಮೊದಲು ನಿಮಗೆ ಹೇಳುತ್ತಿದ್ದೇನೆ.

ಪಾಠ ಹೇಳುವ ಅಭ್ಯಾಸಕ್ಕೆಂದು ನಮ್ಮನ್ನು ಹಳ್ಳಿ ಶಾಲೆಗಳಿಗೆ ಹಂಚಿದ್ದರು. ನನ್ನ ಪಾಲಿಗೆ ಬಂದದ್ದು ಕಾಲುವೆ ನೀರಿಗೆಂದು ಬಂದು ನೆಲೆಸಿದವರ ಒಂದು ಕ್ಯಾಂಪಿನ ಶಾಲೆ, ಮೂರನೆಯ ತರಗತಿ. ಮೊದಲ ದಿನ ಹೆದರಿ ಬೋರ್ಡಿನ ಕಡೆಗೇ ಮುಖ ಮಾಡಿ ನಿಂತಿದ್ದೆ. ಹಿಂದಿನಿಂದ ಒಬ್ಬ ಕೂಗಿದ: "ಅಕ್ಕೋರೇ, ಪಾಠ ಗ್ವಾಡಿಗೆ ಹೇಳಾಕತ್ತೀರೋ, ನಮಗೋ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಬಳಪ ಮುರಿಯದೆ ಬರೆಯುವುದನ್ನು ಕಲಿತೆ. ಗದ್ದಲವಾದಾಗ ದನಿ ಏರಿಸದೆ ಇಳಿಸುವುದನ್ನು ಮಾತ್ರ ಯಾರೂ ಕಲಿಸಬೇಕಾಗಲಿಲ್ಲ. ಅದನ್ನು ನಿಮ್ಮನ್ನು ನೋಡಿಯೇ ಕಲಿತಿದ್ದೆ.

ಆ ತರಗತಿಯಲ್ಲಿ ಆದಮ್ಮ ಎಂಬ ಹುಡುಗಿ ಇದ್ದಳು. ಕೂಲಿಗೆ ಬಂದವರ ಮಗಳು, ಮನೆಮಾತು ತೆಲುಗು, ಏನು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ನನ್ನ ಪಾಠ ಪರೀಕ್ಷೆ ಮಾಡಲು ಸಾಹೇಬರು ಬರುವ ದಿನ, ನನಗೆ ಕೆಲಸ ಕಲಿಸುತ್ತಿದ್ದ ಕರಿಬಸಪ್ಪ ಮಾಸ್ತರರು ಅವಳನ್ನು ಕರೆದರು.

"ಕಾಲುವಿ ಏರಿ ಮ್ಯಾಲ ನಿಂತು ಸಾಹೇಬರ ಜೀಪು ಬರೋದು ನೋಡಬೇಕವಾ. ನಿನ್ನ ಬಿಟ್ರ ನನಗ ಯಾರ ಮ್ಯಾಲೂ ಭರೋಸ ಇಲ್ಲ."

ಆದಮ್ಮ ಲಂಗ ಎತ್ತಿಕೊಂಡು ಕುಣಿಯುತ್ತ ಓಡಿದಳು.

"ಜೀಪು ಆ ಕಡಿಂದ ಬರಂಗಿಲ್ಲಲ್ರಿ," ಎಂದೆ.

"ಗೊತ್ತೈತಿ. ದಡ್ಡ ಹುಡುಗ್ರನ್ನ ಬೈದು ಹೊರಗ ಹಾಕಿದ್ರ ಅಳ್ತಾವ, ದೊಡ್ಡ ಕೆಲಸ ಕೊಟ್ರ ನಕ್ಕೋತ ಹೋಗ್ತಾವ. ಇದು ಯಾವ ಪುಸ್ತಕದಾಗೂ ಇಲ್ಲ, ಕಲಕೋ. ಹಳೇ ಮಾಸ್ತರ್ರು, ಅಕ್ಕೋರು ಎಲ್ಲಾರೂ ಹಿಂಗ ಮಾಡಿದ್ದು."

ಅಕ್ಕೋರೇ, ನಾನು ಮೂರನೆಯಲ್ಲಿದ್ದಾಗ, ಸಾಹೇಬರು ಬಂದ ದಿನ, ನೀವು ನನಗೆ ಇದೇ ಭರೋಸೆಯ ಮಾತು ಹೇಳಿದ್ದಿರಿ. ಗಡಿಗೆಯ ಹಾಲಿಗೆ ಬೆಕ್ಕು ಬಾಯಿ ಹಾಕದಂತೆ ಕಾಯಲು ನಿಮ್ಮ ಮನೆಗೆ ಕಳಿಸಿದ್ದಿರಿ. ಅದನ್ನು ನಾನು ಓಣಿಗೆಲ್ಲ ಹೇಳಿಕೊಂಡು ಮೆರೆದಿದ್ದೆ. ಟ್ರೈನಿಂಗಿಗೆ ಸೇರುವಾಗ, ಯಾಕೆ ಅಕ್ಕೋರಾಗಬೇಕು ಎಂದು ಕೇಳಿದವರಿಗೂ ಅದನ್ನೇ ಹೇಳಿದ್ದೆ.

ಸಾಹೇಬರು ಬೇರೆ ದಾರಿಯಿಂದಲೇ ಬಂದರು. ಪಾಠ ಚೆನ್ನಾಗಿ ನಡೆದಿತ್ತು. ಆದರೆ ನನ್ನಿಂದ ತಡೆಯಲಾಗಲಿಲ್ಲ. ಅರ್ಧಕ್ಕೆ ನಿಲ್ಲಿಸಿ, ಏರಿಯ ತನಕ ಹೋಗಿ, ಆದಮ್ಮನ ಕೈಹಿಡಿದು ತಂದು ಮುಂದಿನ ಸಾಲಿನಲ್ಲಿ ಕೂಡಿಸಿದೆ.

"ಎಲ್ಲಿಗೆ ಹೋಗಿದ್ದೆವಾ?" ಎಂದು ಸಾಹೇಬರು ಕೇಳಿದರು.

"ಜೀಪು ಇನ್ನಾ ಬಂದಿಲ್ರಿ," ಎಂದಳು.

ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಷ್ಟರಲ್ಲಿ ಕಿಟಕಿಯಾಚೆ, ಶಾಲೆಯ ಹಿಂದಿನ ಬೇವಿನ ಮರದಡಿ ನಿಂತಿದ್ದ ಜೀಪು ಅವಳ ಕಣ್ಣಿಗೆ ಬಿತ್ತು. ಆಮೇಲೆ ಅವಳು ನನ್ನನ್ನೇ ನೋಡಿದಳು.

"ಖರೇ ಮಾಡಾಕ ಹೋಗಿ ಯಾರನ್ನ ಉದ್ಧಾರ ಮಾಡಿದಿ ಬೇ?" ಎಂದು ಮಾಸ್ತರರು ಆಮೇಲೆ ಕೇಳಿದರು. ಮರುದಿನ ಆದಮ್ಮ ಶಾಲೆಗೆ ಬರಲಿಲ್ಲ. ಅದರ ಮರುದಿನ ನಾನೂ ಹೋಗಲಿಲ್ಲ.

ನಿಮ್ಮ ಮಂಡಿನೋವು ಇಳಿಯಲಿ. ನಿಮ್ಮ ತರಗತಿಯ ಮಕ್ಕಳೆಲ್ಲ ಸುಖವಾಗಿರಲಿ, ಒಳಗೆ ಕೂತವರೂ, ಹೊರಗೆ ಹೋದವರೂ.

ಇಂತಿ,
ಯಮನಮ್ಮ

ತಾ.ಕ.: ನಾನು ಹಾಲು ಕಾದ ಆ ದಿನದ ಒಂದು ಸಂಗತಿ ನಿಮಗೆ ಯಾವತ್ತೂ ಹೇಳಿರಲಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಕೂತು ಕೂತು ನಾನು ಗಡಿಗೆಯ ಮುಚ್ಚಳ ತೆಗೆದು ನೋಡಿದ್ದೆ. ಗಡಿಗೆ ಒಣಗಿತ್ತು. ನಾನು ಬರುವ ಮೊದಲೇ ಬೆಕ್ಕು ಕುಡಿದು ಹೋಗಿರಬೇಕು, ತಿಳಿದರೆ ನೀವು ನೊಂದುಕೊಳ್ಳುತ್ತೀರಿ ಎಂದು ಮತ್ತೆ ಮುಚ್ಚಿಟ್ಟು ಸಂಜೆಯ ತನಕ ಕಾದೆ. ನೀವು ಬಂದು, ಮುಚ್ಚಳ ತೆಗೆಯದೆಯೇ ಬೆನ್ನು ತಟ್ಟಿ, "ಒಂದು ಹನಿ ಹೋಗದಂಗ ಕಾದಿ ನೋಡು," ಎಂದಿರಿ. ಇಷ್ಟು ವರ್ಷ ನಾನು ಬೆಕ್ಕನ್ನು ಬೈದುಕೊಂಡಿದ್ದೆ.