ಪೆನ್ಸಿಲಿನಲ್ಲಿ ಬರೆದ ಹೆಸರು

ಗೆಳೆಯ ಪರಮೇಶಿ,

ನೀನು ಹೋಗಿ ನಾಲ್ಕು ತಿಂಗಳಾಯಿತು. ರಸ್ತೆಗುಂಡಿ, ಬೀದಿದೀಪ, ಗ್ರಂಥಾಲಯದ ಸೋರುವ ಮಾಡು, ಎಲ್ಲದರ ಬಗ್ಗೆಯೂ ಪತ್ರಿಕೆಗಳಿಗೆ ಕಾಗದ ಬರೆದವನು ನಾನು. ನಿನಗೆ ಮಾತ್ರ ಆರು ವರ್ಷ ಎರಡು ಸಾಲು ಬರೆಯಲಿಲ್ಲ. ಶಿವಮೊಗ್ಗದಿಂದ ನಿನ್ನ ಪೇಪರ್ ಮಿಲ್ಲಿನ ಕಾಗದನಗರವೇನು ದೂರವೇ? ಬಸ್ಸು ಹತ್ತುವುದಕ್ಕೆ ಏನಾಗಿತ್ತು ನನಗೆ?

ನಿನ್ನ ಕ್ವಾರ್ಟರ್ಸಿನ ಜಗಲಿಯಲ್ಲಿ ಆ ನೋಟ್‌ಬುಕ್ ಮೊದಲು ನೋಡಿದ ಭಾನುವಾರ ನೆನಪಿದೆ. ಮಿಲ್ಲಿನ ಕೆಲಸಗಾರರ ರಕ್ತದ ಗುಂಪುಗಳ ಪಟ್ಟಿ. ಆಸ್ಪತ್ರೆಯಿಂದ ಯಾರಿಗಾದರೂ ರಕ್ತ ಬೇಕೆಂದು ಫೋನ್ ಬಂದರೆ ನೀನು ಅದನ್ನು ತೆಗೆಯುತ್ತಿದ್ದೆ. ‘ಹೆಸರಿನ ಪ್ರಕಾರ ಬರೆಯೋದು ಬಿಟ್ಟು ಪಾಳಿ ಪ್ರಕಾರ ಬರೆದಿದೀಯಲ್ಲೋ?’ ಅಂದೆ ನಾನು. ‘ಹೆಸರು ತಗೊಂಡು ಏನ್ ಮಾಡ್ಲಿ ಮಾರಾಯ? ಮಿಲ್ಲಲ್ಲಿದಾನಾ, ಮನೇಲಿದಾನಾ, ರಾತ್ರಿಪಾಳಿ ಮುಗಿಸಿ ಮಲಗಿದಾನಾ, ಅದು ಗೊತ್ತಾಗ್ಬೇಕು.’ ಪಾಳಿ ವಾರವಾರ ಬದಲಾಗುತ್ತಿತ್ತು, ಅದಕ್ಕೇ ಪೆನ್ಸಿಲು. ಭಾನುವಾರ ಬಂದರೆ ರಬ್ಬರು ಹಿಡಿದು ಅಳಿಸುವುದು, ಮತ್ತೆ ಬರೆಯುವುದು. ಮೇಷ್ಟ್ರಾದ ನನ್ನ ಹೆಸರನ್ನು ನೀನು ಕೊನೆಯ ಹಾಳೆಗೆ ಹಾಕಿದೆ. ‘ನಿಂದು ಜನರಲ್ ಶಿಫ್ಟು. ಅಳಿಸೋ ಕೆಲಸ ಇಲ್ಲ.’

ಗಾಜನೂರಿನಲ್ಲಿ ಹೊಳೆದಂಡೆಯ ಮೇಲೆ ಕೂತಿದ್ದಾಗ, ಆಗಷ್ಟೇ ಯಾವುದೋ ದಪ್ಪ ಪುಸ್ತಕ ಮುಗಿಸಿದ್ದ ನಾನು ಬದುಕಿಗೆ ಅರ್ಥ ಏನೋ ಎಂದು ಕೇಳಿದ್ದೆ. ನೀನು ಕಡ್ಲೆಕಾಯಿ ಸುಲಿಯುತ್ತಲೇ ಹೇಳಿದೆ: ‘ಅಷ್ಟೆಲ್ಲ ಗೊತ್ತಿಲ್ಲ. ಫೋನ್ ಬಂದ ದಿನ ಒಳ್ಳೆ ನಿದ್ದೆ ಬರುತ್ತೆ.’ ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ದೊಡ್ಡಾಸ್ಪತ್ರೆಯ ಆ ಬೆಳಿಗ್ಗೆ ಮಾತ್ರ ಎಷ್ಟು ಒರೆಸಿದರೂ ಹೋಗುವುದಿಲ್ಲ. ಓ ನೆಗೆಟಿವ್ ಬೇಕಾಗಿತ್ತು. ನಿನ್ನ ಪಟ್ಟಿಯಲ್ಲಿ ಆ ಗುಂಪಿನವರು ನಾನು, ಫಿಟ್ಟರ್ ಸೆಲ್ವಂ, ಇಬ್ಬರೇ. ಯಾರಿಗೆಂದು ಕೇಳಬಾರದು, ಕೊಟ್ಟ ಮೇಲೆ ಮುಖ ನೋಡಬಾರದು, ಕಾಫಿ ಕುಡಿದು ಬಸ್ ಹತ್ತಬೇಕು. ಇದು ನಿನ್ನ ನಿಯಮ. ಆದರೆ ರೋಗಿಯ ಮಗ ಬಾಗಿಲಲ್ಲೇ ಕೈಮುಗಿದು ಅಪ್ಪನ ಹೆಸರು ಹೇಳಿಬಿಟ್ಟ. ನಾನು ಆಗಲೇ ಅಂಗಿಯ ತೋಳು ಮಡಚಿದ್ದೆ.

ಅಪ್ಪ ಹೋದ ಮೇಲೆ ಪಿಂಚಣಿಯ ಒಂದು ಸಹಿಗಾಗಿ ನನ್ನ ಅಮ್ಮನನ್ನು ವರ್ಷವಿಡೀ ಅಲೆದಾಡಿಸಿದ ಅಧಿಕಾರಿ ಆ ರೋಗಿ. ಅಮ್ಮ ಆ ಕಚೇರಿಯ ಮೆಟ್ಟಿಲ ಮೇಲೆ ಕೂತು ಉಸಿರು ಎಳೆದುಕೊಳ್ಳುತ್ತಿದ್ದಳು. ಸಹಿ ಬೀಳುವ ಮೊದಲೇ ಅವಳು...

‘ಇವನಿಗೇ ಅಂತ ಗೊತ್ತಿತ್ತಾ ನಿನಗೆ?’

‘ಗೊತ್ತಿತ್ತು.’

‘ಗೊತ್ತಿದ್ದೂ ಕರೆದೆಯಾ?’

‘ನಿನ್ನ ಜಗಳ ಅವನ ಆಫೀಸಿನ ಜೊತೆ ಮಾರಾಯ. ಮಂಚದ ಮೇಲೆ ಮಲಗಿರೋನಿಗೆ ಆಫೀಸೆಲ್ಲಿದೆ?’

ನಾನು ತೋಳು ಇಳಿಸಿಕೊಂಡು ಹೊರಟೆ. ನೀನು ಹಿಂದೆ ಬರಲಿಲ್ಲ, ಬೈಯಲೂ ಇಲ್ಲ. ಆ ದಿನದಿಂದ ನನ್ನ ಮನೆಗೆ ನಿನ್ನ ಫೋನ್ ನಿಂತಿತು. ಕೊನೆಯ ಹಾಳೆಯಿಂದ ನನ್ನ ಹೆಸರು ಹೋಗಿರಬೇಕು ಅಂದುಕೊಂಡೆ. ಹೋಗಲಿ, ತಪ್ಪು ನನ್ನದಲ್ಲ ಎಂದು ಎಷ್ಟು ಸಲ ಹೇಳಿಕೊಂಡಿದ್ದೇನೆ ಗೊತ್ತೇ?

ನಿನ್ನ ಶ್ರದ್ಧಾಂಜಲಿ ಸಭೆಯಲ್ಲಿ ಮೈಕು ಹಿಡಿದವರನ್ನು ನೀನು ನೋಡಬೇಕಿತ್ತು. ಒಂದು ಹನಿ ಕೊಡದವರೆಲ್ಲ ‘ತ್ಯಾಗಮೂರ್ತಿ’ ಎಂದು ಅರ್ಧರ್ಧ ಗಂಟೆ ಎಳೆದರು. ಎದ್ದು ನಿಂತು ಕೇಳಬೇಕೆನಿಸಿತು: ನೀವು ಯಾವತ್ತು ತೋಳು ಮಡಚಿದ್ದಿರಿ? ಅಷ್ಟರಲ್ಲಿ ಪಕ್ಕದಲ್ಲಿದ್ದ ಸೆಲ್ವಂ ಮೆಲ್ಲಗೆ ಅಂದ: ‘ಅವತ್ತು ದೊಡ್ಡಾಸ್ಪತ್ರೆಗೆ ಕರೆದಾಗ ನೈಟು ಮುಗಿಸಿ ಮಲಗಿದ್ದೆ ಸಾರ್. ನಿದ್ದೆ ಮಾಡೋರನ್ನ ಎಬ್ಬಿಸದ ಮನುಷ್ಯ ನನ್ನ ಎಬ್ಬಿಸ್ದ. ನಿಮ್ ಮೇಲೆ ಒಂದ್ ಮಾತು ಹೇಳ್ಲಿಲ್ಲ. ಮೇಷ್ಟ್ರಿಗೆ ಹುಷಾರಿಲ್ಲ ಅಂದ.’ ನಾನು ಏಳಲಿಲ್ಲ ಪರಮೇಶಿ. ಯಾವ ಮುಖ ಹೊತ್ತು ಏಳಲಿ?

ಸಭೆ ಮುಗಿದ ಮೇಲೆ ನಿನ್ನ ಹೆಂಡತಿ ಗಿರಿಜಮ್ಮ ನೋಟ್‌ಬುಕ್ಕು ತಂದು ನನ್ನ ಕೈಗಿಟ್ಟರು. ‘ಮೇಷ್ಟ್ರಿಗೆ ಕೊಡು ಅಂತಿದ್ರು. ಒಂದಲ್ಲಾ ಒಂದಿನ ಬರ್ತಾನೆ ಅಂತ.’ ಬಸ್ಸಿನಲ್ಲಿ ಕೂತು ತೆರೆದೆ. ಹೆಸರುಗಳ ಮುಂದೆ ನಿನ್ನ ಕೋಳಿಕಾಲಿನ ಅಕ್ಷರ: ‘ರಾತ್ರಿಪಾಳಿ, ಎಬ್ಬಿಸಬೇಡ.’ ‘ಜಾಂಡೀಸ್, ಬೇಡ.’ ‘ಮಗಳ ಮದುವೆ, ಮುಂದಿನ ತಿಂಗಳು.’ ಕೊನೆಯ ಹಾಳೆಯಲ್ಲಿ ನಾನಿದ್ದೆ. ಮುಂದೆ: ‘ಕೋಪ. ಈ ವಾರ ಬೇಡ.’

ಅಳಿಸುವ ಕೆಲಸವಿಲ್ಲ ಎಂದಿದ್ದೆಯಲ್ಲ? ಆ ಜಾಗದಲ್ಲಿ ಹಾಳೆ ಸವೆದು, ಹಿಂದಿನ ಗೆರೆ ಕಾಣುವಷ್ಟು ತೆಳ್ಳಗಾಗಿದೆ. ಪ್ರತಿ ಭಾನುವಾರ ನನ್ನ ಕೋಪ ಇಳಿದಿರಬಹುದು ಎಂದು ಅಳಿಸಿದ್ದೀಯ. ಇಳಿದಿರಲಿಕ್ಕಿಲ್ಲ ಎಂದು ಮತ್ತೆ ಅದನ್ನೇ ಬರೆದಿದ್ದೀಯ. ಆರು ವರ್ಷ. ನಾನು ಒಂದು ಫೋನ್ ಮಾಡಿದ್ದರೆ...

ಈಗ ಸುದ್ದಿ ಕೇಳು. ಮೊನ್ನೆ ಗುರುವಾರ ನಾನು ಪಾಠದ ನಡುವೆ ಇದ್ದಾಗ ಶಾಲೆಯ ಫೋನಿಗೆ ಆಸ್ಪತ್ರೆಯಿಂದ ಕರೆ ಬಂತು. ನಿನ್ನ ನಂತರ ನನ್ನ ನಂಬರು ಕೊಟ್ಟವರು ಗಿರಿಜಮ್ಮನೇ. ಓ ನೆಗೆಟಿವ್. ‘ಪೇಷಂಟ್ ಹೆಸರು ಬರ್ಕೊಳಿ ಸಾರ್’ ಅಂದಳು ಆಸ್ಪತ್ರೆಯ ಹುಡುಗಿ. ‘ಹೆಸರು ಬೇಡಮ್ಮ, ಎಷ್ಟು ಹೊತ್ತಿಗೆ ಬರಲಿ ಹೇಳು’ ಅಂದೆ. ಸೆಲ್ವಂನದು ಈ ವಾರ ರಾತ್ರಿಪಾಳಿ, ಮಲಗಿರುತ್ತಾನೆ. ನಾನೇ ಹೋದೆ. ಬಾಗಿಲಲ್ಲಿ ಯಾರೋ ಕೈಮುಗಿದರು. ತಲೆ ಬಗ್ಗಿಸಿಕೊಂಡು ಒಳಗೆ ನಡೆದೆ. ಕಾಫಿ ಕುಡಿದು ಮನೆಗೆ ಬಂದೆ.

ಇವತ್ತು ಭಾನುವಾರ. ಸೆಲ್ವಂನನ್ನು ಕೇಳಿ ಪಾಳಿಗಳನ್ನೆಲ್ಲ ಅಳಿಸಿ ಬರೆದು ಕೊನೆಯ ಹಾಳೆಗೆ ಬಂದಿದ್ದೇನೆ. ನಿನ್ನ ಆ ನಾಲ್ಕು ಪದಗಳನ್ನು ಮೆಲ್ಲಗೆ ಅಳಿಸಿದೆ, ಹಾಳೆ ಹರಿಯದ ಹಾಗೆ. ಆ ಜಾಗದಲ್ಲಿ ಏನೂ ಬರೆಯುವುದಿಲ್ಲ.

ನಿನ್ನ,
ಜನರಲ್ ಶಿಫ್ಟಿನ ಮೇಷ್ಟ್ರು