ಲವಣವೆಂದರೆ ಉಪ್ಪಲ್ಲ, ಸ್ವಾಮಿ

ಆಸ್ಪತ್ರೆಯ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಹೆಂಡತಿ ದೇವಿರಮ್ಮನಿಗೆ ಹುಚ್ಚು ಹಿಡಿದಿಲ್ಲ. ತಾವು ಕೊಟ್ಟ ಔಷಧಿ ಅವಳ ನೆತ್ತಿಗೇರಿದೆ. ಇಷ್ಟು ಹೇಳುವುದಕ್ಕೆ ತಮ್ಮ ಬಾಗಿಲಿಗೆ ಎಷ್ಟು ಸಲ ಅಲೆದರೂ ಜವಾನನನ್ನು ದಾಟಲಾಗಲಿಲ್ಲ. ಹಾಗಾಗಿ ಊರಿಗೇ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಅವಳಿಗೆ ಮೂರ್ಛೆರೋಗ. ತಮ್ಮ ಬ್ರೋಮೈಡ್ ಔಷಧಿಯಿಂದ ಅದು ಹತೋಟಿಗೆ ಬಂದಿತ್ತು, ಸುಳ್ಳು ಹೇಳಲಾರೆ. ಪೂರ್ತಿ ಗುಣವಾಗಲೆಂದು ನನ್ನ ತಾಯಿ ಕೆಂಚಮ್ಮ ನಂಜುಂಡೇಶ್ವರನಿಗೆ ಹರಕೆ ಹೊತ್ತು, ಕಾರ್ತಿಕ ಮಾಸವೆಲ್ಲ ಸೊಸೆಗೆ ಸಪ್ಪೆ ಊಟವೆಂದು ನಿಶ್ಚಯಿಸಿದರು. ಆದರೂ ಎಚ್ಚರದ ಹೆಂಗಸು, ಮೊದಲು ತಮ್ಮನ್ನೇ ಕೇಳಿದರು: "ಔಸ್ದಿ ಕುಡಿಯೋಳು, ಉಪ್ಪು ಬುಡಬೋದಾ ಬುದ್ಧಿ?" ತಾವು ನಕ್ಕಿರಿ. ನಾನು ಪಕ್ಕದಲ್ಲೇ ಇದ್ದೆ. "ಆ ಔಷಧೀನೇ ಒಂದು ಲವಣ ಕಣಮ್ಮ. ಊಟದಲ್ಲಿ ಬಿಟ್ರೆ ಏನೂ ಆಗಲ್ಲ" ಎಂದಿರಿ.

ನಾನು ಕನ್ನಡ ಮೇಷ್ಟ್ರು. ನಿಘಂಟಿನಲ್ಲಿ ಲವಣವೂ ಉಪ್ಪೂ ಒಂದೇ. ಆದರೆ ಮಿದುಳು ನಿಘಂಟು ನೋಡಿ ನಡೆಯುತ್ತದೆಯೇ? ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸುವ ಗೆಳೆಯ ವೃಷಭೇಂದ್ರಪ್ಪ ನನಗೆ ವಿವರಿಸಿದ್ದನ್ನು ಕೇಳಿ. ಮಿದುಳಿನ ಒಂದು ಕೋಶ ಪಕ್ಕದ್ದನ್ನು ಕೆರಳಿಸುತ್ತದೆ, ಇನ್ನೊಂದು 'ಸುಮ್ಮನಿರು' ಎನ್ನುತ್ತದೆ. ಹಾಗೆಂದಾಗ ಕೇಳಿಸಿಕೊಂಡ ಕೋಶದ ಪೊರೆ ತೆರೆದು, ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡ್ ಅಯಾನುಗಳು ಒಳಹೊಕ್ಕು ಅದನ್ನು ತಣ್ಣಗಾಗಿಸುತ್ತವೆ. ಬೆಕ್ಕಿನ ಬೆನ್ನುಹುರಿಯಲ್ಲಿ ವಿಜ್ಞಾನಿಗಳು ಇತ್ತೀಚೆಗೆ ಇದನ್ನು ಕಂಡಿದ್ದಾರಂತೆ. ಬ್ರೋಮೈಡ್ ಈ ಕ್ಲೋರೈಡಿನ ದಾಯಾದಿ, ಅದೇ ಬಾಗಿಲಲ್ಲಿ ನುಗ್ಗುತ್ತದೆ. ಉಪ್ಪು ತಿನ್ನುವವರ ಮೈಯಿಂದ ಅದು ಮೂತ್ರದಲ್ಲಿ ಹೊರಬೀಳುತ್ತಿರುತ್ತದೆ. ಉಪ್ಪು ಬಿಟ್ಟವರ ಮೈಯಲ್ಲಿ ಠಿಕಾಣಿ ಹೂಡುತ್ತದೆ. ಆಮೇಲೆ ಮೂರ್ಛೆಗಷ್ಟೇ ಅಲ್ಲ, ಮಾತಿಗೂ ನೆನಪಿಗೂ ನಡಿಗೆಗೂ 'ಸುಮ್ಮನಿರು' ಎಂಬ ಅಪ್ಪಣೆಯೇ.

ನಡೆದದ್ದೂ ಅದೇ. ಮಾಸ ಮುಗಿಯುವ ಮೊದಲೇ ಅವಳ ನಾಲಗೆ ತೊದಲಿತು. ಗೋಡೆ ಹಿಡಿಯದೆ ನಡೆಯಲಾಗಲಿಲ್ಲ. ನನ್ನನ್ನು ಸತ್ತುಹೋದ ಅವಳ ಅಣ್ಣನೆಂದು ತಿಳಿದು ಯೋಗಕ್ಷೇಮ ಕೇಳಿದಳು. ಕರೆತಂದರೆ ತಾವು ಹುಚ್ಚೆಂದು ತೀರ್ಮಾನಿಸಿ ಬೀಗ ಹಾಕಿದ ವಾರ್ಡಿಗೆ ಸೇರಿಸಿದಿರಿ. ಒಳಗೆ ಅದೇ ಔಷಧಿ, ಗಲಾಟೆ ಮಾಡುತ್ತಾಳೆಂದು ಇನ್ನಷ್ಟು ಹೆಚ್ಚಿಗೆ, ಜೊತೆಗೆ ಪಥ್ಯದ ಸಪ್ಪೆ ಗಂಜಿ. ಉಪ್ಪಿನ ವಿಷಯ ತಮ್ಮ ಸಹಾಯಕ ವೈದ್ಯರಿಗೆ ಹೇಳಿದೆ. "ಅದೆಲ್ಲ ಅಡುಗೆಮನೆ ವಿಚಾರ ಕಣ್ರೀ" ಎಂದು ಮುಖ ತಿರುಗಿಸಿದರು. ರೋಗಿ ಏನು ಉಣ್ಣುತ್ತಾಳೆಂದು ಕೇಳಿದರೆ ತಮ್ಮ ಘನತೆಗೆ ಎಂಜಲು ತಗಲುತ್ತದೆಯೇ? ಇಂಥ ವಿದ್ವತ್ತನ್ನು ಕಂಡರೆ ನನಗೆ ಹೇಸಿಗೆಯಾಗುತ್ತದೆ.

ನಾಳೆಯೇ ಆ ಔಷಧಿ ನಿಲ್ಲಿಸಿ. ರಕ್ತದಲ್ಲಿ ಬ್ರೋಮೈಡ್ ಎಷ್ಟಿದೆಯೆಂದು ಪರೀಕ್ಷಿಸಿ. ಅವಳಿಗೆ ಉಪ್ಪು ಕೊಡಿ, ಮೂರ್ಛೆಗೆ ಬೇರೆ ಔಷಧಿ ನೋಡಿ. ಆಮೇಲೆ ಚಾಮರಾಜಪುರದ ನಮ್ಮ ಮನೆಗೆ ತಾವೇ ಬನ್ನಿ. ಹರಕೆಯಲ್ಲಿ ತನ್ನಿಂದ ಏನೋ ಲೋಪವಾಗಿ ದೇವರು ಮುನಿದನೆಂದು, ಸೊಸೆಯನ್ನು ತಾನೇ ಹುಚ್ಚಿ ಮಾಡಿದೆನೆಂದು ನನ್ನ ತಾಯಿ ಅನ್ನ ಬಿಟ್ಟು ಕೂತಿದ್ದಾರೆ. ನಾನು ಹೇಳಿದರೆ ನಂಬುವುದಿಲ್ಲ. ಅವರಿಗೆ ಡಾಕ್ಟರ ಮಾತೇ ಮಾತು.

ಇಂತಿ,
ಸದ್ಯಕ್ಕೆ ಊರವರ ಬಾಯಲ್ಲಿ 'ಹುಚ್ಚಿಯ ಗಂಡ'ನಾಗಿರುವ
ಚೆಲುವರಾಜು, ಕನ್ನಡ ಉಪಾಧ್ಯಾಯ
ಚಾಮರಾಜಪುರಂ, ಮೈಸೂರು